ಮೊದಲು ನೀರು, ಆಮೇಲೆ ದಾರಿ

ಮಳೆ ಹಿಂದೆ ಸರಿದು ಬಿಸಿಲು ಹಿತವೆನಿಸುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ‘ಶನಿವಾರ, ಭಾನುವಾರ ಬಿಡುವಿದೆ. ಕಾರಿದೆ, ಮಕ್ಕಳಿದ್ದಾರೆ. ನಿಮ್ಮ ರಾಮಗಿರಿ ಕಡೆ ಗುಡ್ಡ, ಕೆರೆ ನೋಡಿಕೊಂಡು, ಎಲ್ಲಾದರೂ ನೆಮ್ಮದಿಯಾಗಿ ಕೂತು ಗಾಳ ಹಾಕಿ ಬರಬೇಕು. ಹೇಗೆ ಹೋಗುವುದು, ಎಲ್ಲಿ ನಿಲ್ಲುವುದು?’ ಇಂಥ ಪತ್ರ ಓದಿದಾಗ ನನಗೆ ಸಂತೋಷವಾಗುತ್ತದೆ. ಚಿತ್ರದುರ್ಗವೆಂದರೆ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ, ಊಟ ಮುಗಿಸಿ ಮತ್ತೆ ಹೆದ್ದಾರಿ ಹಿಡಿಯುವ ಊರು ಎಂದುಕೊಂಡಿದ್ದವರು ಹೊಸದುರ್ಗ, ಹೊಳಲ್ಕೆರೆಯ ಒಳದಾರಿಗಳಿಗೆ ಬರಲು ಮನಸ್ಸು ಮಾಡಿದ್ದಾರಲ್ಲ, ಅದು ಒಳ್ಳೆಯದೇ.

ಆದರೆ ಬರೆದವರಲ್ಲಿ ಹೆಚ್ಚಿನವರು ದಾರಿಯಿಂದ ಶುರು ಮಾಡಿರುತ್ತಾರೆ. ಫೋನಿನ ನಕ್ಷೆ ತೆಗೆದು ನೀಲಿ ಕಂಡಲ್ಲೆಲ್ಲ ಗುರುತು ಹಾಕಿಕೊಂಡು, ಒಂದರಿಂದ ಒಂದಕ್ಕೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿರುತ್ತಾರೆ. ಬಯಲುಸೀಮೆಯ ನಕ್ಷೆಯಲ್ಲಿ ನೀಲಿ ಕಂಡಲ್ಲೆಲ್ಲ ನೀರು ಇರುವುದಿಲ್ಲ. ಮಳೆ ಬಂದ ವರ್ಷ ಅಲ್ಲಿ ನೀರು ನಿಂತೀತು, ಅಷ್ಟೇ. ಎರಡು ವರ್ಷ ಕೈಕೊಟ್ಟರೆ ಅದೇ ಅಂಗಳದಲ್ಲಿ ಕುರಿ ಮೇಯುತ್ತವೆ, ಜಾಲಿ ಬೆಳೆಯುತ್ತದೆ. ಹಾಗಾಗಿ ದಾರಿಯನ್ನು ಆಮೇಲೆ ನೋಡೋಣ. ಮೊದಲು ಕೇಳಿಕೊಳ್ಳಬೇಕಾದ್ದು ಎರಡು: ಈ ವರ್ಷ ನೀರು ಎಲ್ಲಿ ನಿಂತಿದೆ? ಆ ನೀರಿನಲ್ಲಿರುವ ಮೀನು ಯಾರದು? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದ ಪ್ರವಾಸ ತಾನಾಗಿ ಕೂಡಿಬರುತ್ತದೆ.

ಮೊದಲ ಪ್ರಶ್ನೆ ಹಿಡಿಯೋಣ. ನಮ್ಮದು ಮಳೆನೆರಳಿನ ಜಿಲ್ಲೆ. ಜೂನ್, ಜುಲೈನಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಹಿರಿಯೂರಿನಲ್ಲಿ ಗಾಳಿ ಮಾತ್ರ ಬೀಸುತ್ತಿರುತ್ತದೆ. ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಆ ಗಾಳಿಯನ್ನು ನಂಬಿಯೇ. ನಮ್ಮ ಕೆರೆಗಳಿಗೆ ನೀರು ಬರುವುದು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಹದವಾಗಿ ಹೊಡೆದರೆ ಕೆರೆ ತುಂಬಿತು, ಇಲ್ಲವಾದರೆ ಇಲ್ಲ. ಒಂದೇ ಜಿಲ್ಲೆಯೊಳಗೂ ವ್ಯತ್ಯಾಸವಿದೆ. ಹೊಳಲ್ಕೆರೆ, ರಾಮಗಿರಿ ಕಡೆ ಒಂದಿಷ್ಟು ಮಳೆ ಹೆಚ್ಚು, ಅಡಿಕೆ ತೋಟಗಳು ಕಣ್ಣಿಗೆ ಬೀಳುತ್ತವೆ. ಪೂರ್ವಕ್ಕೆ ಹಿರಿಯೂರಿನತ್ತ ಇಳಿದಂತೆ ನೆಲ ಒಣಗುತ್ತ ಹೋಗುತ್ತದೆ. ಸ್ವಾತಿ ಮುಗಿದು ರಾಡಿನೀರು ತಿಳಿಯಾದ ಮೇಲೆ, ನವೆಂಬರಿನಿಂದ ಜನವರಿ ಕೊನೆಯವರೆಗೆ, ಈ ಪ್ರವಾಸಕ್ಕೆ ಸರಿಯಾದ ಕಾಲ. ಫೆಬ್ರುವರಿಯಲ್ಲೂ ಬರಬಹುದು. ಏಪ್ರಿಲ್ ಬಿಸಿಲಲ್ಲಿ ಕೆರೆ ಏರಿಯ ಮೇಲೆ ಮಕ್ಕಳನ್ನು ಕೂರಿಸುವುದು ಬೇಡ.

ಇನ್ನು ನೀರಿನ ದಾರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಈ ನಾಲ್ಕು ತಾಲ್ಲೂಕುಗಳಿಗೆ ದಿಕ್ಕು ತೋರುವ ಹೊಳೆ ವೇದಾವತಿ. ಬಾಬಾಬುಡನ್‌ಗಿರಿಯ ಬುಡದಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹಳ್ಳಗಳು, ಒಂದು ಅಯ್ಯನಕೆರೆಯಿಂದ, ಇನ್ನೊಂದು ಮದಗದ ಕೆರೆಯಿಂದ ಇಳಿದು, ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಅದು ಹೊಸದುರ್ಗದ ಮಗ್ಗುಲಲ್ಲಿ ಕೆಲ್ಲೋಡಿನ ಬಳಿ ಹರಿದು, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವಿನ ಕಟ್ಟೆಗೆ ಬಂದು ನಿಲ್ಲುತ್ತದೆ. ಅದೇ ವಾಣಿವಿಲಾಸ ಸಾಗರ. 1898ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ಮೈಸೂರನ್ನು ಮಗನ ಪರವಾಗಿ ಆಳುತ್ತಿದ್ದ ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. ನಮ್ಮ ಕಡೆಯ ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿಗೆ ಕೈಮುಗಿಯದೆ ಯಾರೂ ಕಟ್ಟೆ ಹತ್ತುವುದಿಲ್ಲ.

ಈ ಜಲಾಶಯದ ಚರಿತ್ರೆ ಗೊತ್ತಿದ್ದರೆ ನೀರು ಕೇಳಿ ಹೊರಡಿ ಎಂದು ನಾನೇಕೆ ಒತ್ತಿ ಹೇಳುತ್ತೇನೆಂದು ತಿಳಿಯುತ್ತದೆ. ಇದರ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಕಟ್ಟಿದ ಮೇಲೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಇದರ ನೀರುಂಡ ಎಷ್ಟೋ ರೈತರು ಕೋಡಿ ಕಾಣದೆಯೇ ಕಣ್ಣುಮುಚ್ಚಿದರು. ಆ ವರ್ಷ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದು ಕೋಡಿಯ ಹತ್ತಿರ ನಿಂತು ನೀರು ನೋಡಿದರು. ಬೆಳ್ಳಗಾದ ತಲೆಯವರು ನೀರಿಗೆ ಹೂವು ಬಿಟ್ಟು ಕಣ್ಣೊರೆಸಿಕೊಂಡರು. ಆಮೇಲೆ ಹೆಚ್ಚು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತು. ಮಳೆಯ ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಇಳಿಯತೊಡಗಿದ್ದೂ ಇದಕ್ಕೆ ಕಾರಣ. ಒಟ್ಟಿನಲ್ಲಿ, ಒಂದು ಕಾಲದಲ್ಲಿ ಹಿನ್ನೀರಿನ ಅಂಚು ಹುಡುಕಿಕೊಂಡು ಬಹಳ ದೂರ ನಡೆಯಬೇಕಿದ್ದ ಜಾಗಗಳಲ್ಲಿ ಈಗ ನೀರು ರಸ್ತೆಯ ಸಮೀಪಕ್ಕೆ ಬಂದಿದೆ. ಹಳೆಯ ಪ್ರವಾಸ ಪುಸ್ತಕ, ಹಳೆಯ ಫೋಟೊ ನಂಬಿ ಹೊರಟವರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ಹೊರಡುವ ವಾರದ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಕೆರೆಗಳ ವಿಷಯಕ್ಕೆ ಆಯಾ ಊರಿನ ಪಂಚಾಯಿತಿಗೋ ಪರಿಚಯದವರಿಗೋ ಒಂದು ಫೋನ್ ಮಾಡಿ.

ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಮೀನು ಯಾರದು? ಪೇಟೆಯಿಂದ ಬರುವವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಕೆರೆ ಸರ್ಕಾರದ್ದು, ಮೀನು ದೇವರದು, ಗಾಳ ನಮ್ಮದು, ಇದರಲ್ಲಿ ಯಾರನ್ನು ಕೇಳುವುದು ಎಂದು ಅವರು ತಿಳಿದಿರುತ್ತಾರೆ. ಬಯಲುಸೀಮೆಯ ಕೆರೆಯಲ್ಲಿ ಹಾಗಿಲ್ಲ. ಇಲ್ಲಿ ದೊಡ್ಡದಾಗಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳನ್ನು ಯಾರೋ ತಂದು ಬಿಟ್ಟಿರುತ್ತಾರೆ. ಈ ಜಾತಿಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಹೊಸ ಮಳೆಯ ಪ್ರವಾಹ ಬೇಕು, ಹರಿವು ಬೇಕು, ತುಂಬಿ ಹರಿಯುವ ಹೊಳೆಯ ಆಳವಿಲ್ಲದ ಅಂಚು ಬೇಕು. ಕೆರೆಯಲ್ಲಿ ಅವು ಬೆಳೆಯುತ್ತವೆ, ಮೊಟ್ಟೆ ಕಟ್ಟುತ್ತವೆ, ಆದರೆ ಇಡುವುದಿಲ್ಲ.

ಹಿಂದೆ ಹೊಳೆಗಳಲ್ಲಿ ಮರಿ ಹಿಡಿದು ಮಡಕೆಗಳಲ್ಲಿ ಹೊತ್ತು ತಂದು ಕೆರೆಗೆ ಬಿಡಬೇಕಿತ್ತು. ಹಿಡಿದ ಮರಿಯಲ್ಲಿ ಯಾವ ಜಾತಿ ಎಷ್ಟಿದೆಯೆಂದು ಹೇಳುವುದೂ ಕಷ್ಟವಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಎಂಬ ವಿಜ್ಞಾನಿಗಳು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ದೇಶದ ಒಳನಾಡು ಮೀನುಗಾರಿಕೆ ಅಲ್ಲಿಂದ ತಿರುವು ಪಡೆಯಿತು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ನಮ್ಮ ಕೆರೆಗಳಿಗೆ ಮಳೆ ಬಂದ ಮೇಲೆ ಬಿಡುವ ಬೆರಳುದ್ದದ ಮರಿಗಳು ಆ ವಿದ್ಯೆಯ ಫಲವಾಗಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹುಟ್ಟಿದವು. ಇಲಾಖೆಯವರೂ ಮೀನುಗಾರರೂ ಆ ಕೆಲಸವನ್ನು ಬಿತ್ತನೆ ಎಂದೇ ಕರೆಯುತ್ತಾರೆ.

ಬಿತ್ತನೆಗೆ ದುಡ್ಡು ಹಾಕಿದವರು ಗುತ್ತಿಗೆದಾರರು. ದೊಡ್ಡ ಕೆರೆಗಳ ಮೀನು ಹಕ್ಕು ಮೀನುಗಾರಿಕೆ ಇಲಾಖೆಯದು, ಚಿಕ್ಕವುಗಳದು ಗ್ರಾಮ ಪಂಚಾಯಿತಿಯದು. ಅವರಿಂದ ಮೀನುಗಾರರ ಸಹಕಾರ ಸಂಘವೋ, ಹರಾಜಿನಲ್ಲಿ ಕೂಗಿದವರೋ ಕೆಲವು ವರ್ಷಕ್ಕೆ ಗುತ್ತಿಗೆ ಹಿಡಿದಿರುತ್ತಾರೆ. ಜಲಾಶಯಗಳಲ್ಲಿ ಮೀನುಗಾರರಿಗೆ ಪರವಾನಗಿ ಇರುತ್ತದೆ. ನಮ್ಮೂರಿನ ಸುತ್ತಿನ ಸಂಘಗಳಲ್ಲಿ ಬೆಸ್ತರ, ಗಂಗಾಮತಸ್ಥರ ಮನೆಗಳೇ ಹೆಚ್ಚು. ಒಂದು ವರ್ಷ ಕೆರೆ ತುಂಬದಿದ್ದರೆ ಬಿಟ್ಟ ಮರಿ, ಕಟ್ಟಿದ ಹಣ ಎರಡೂ ಮುಳುಗಿದವು. ರಾಮಗಿರಿ ಹತ್ತಿರದ ಕೆರೆಯೊಂದರ ಏರಿ ಮೇಲೆ ಬಲೆ ಹೊಲಿಯುತ್ತ ಕೂತಿದ್ದ ಹಿರಿಯರೊಬ್ಬರ ಹತ್ತಿರ ಈ ಮಾತು ತೆಗೆದೆ. ‘ಯಜಮಾನ್ರೇ, ಪೇಟೆಯೋರು ಬಂದು ಒಂದು ಗಾಳ ಹಾಕಿದ್ರೆ ನಿಮಗೆ ಏನು ನಷ್ಟ?’ ಅಂದೆ. ಸೂಜಿ ನಿಲ್ಲಿಸದೆ ಹೇಳಿದರು: ‘ಗಾಳಕ್ಕೆ ಒಂದು ಮೀನು ಹೋದ್ರೆ ಏನೂ ಆಗಲ್ಲ ಅಣ್ಣ. ಮಕ್ಳು ಕರ್ಕಂಡ್ ಬಂದು ಕೇಳಿದ್ರೆ ನಾನೇ ಜಾಗ ತೋರುಸ್ತೀನಿ. ಕೇಳ್ದೆ ಹಾಕಿದ್ರೆ ಮಾತ್ರ, ನನ್ ಹೊಲ್ದಾಗೆ ಇಳ್ದು ಕಡ್ಲೆಗಿಡ ಕಿತ್ಕಂಡ್ ಹೋದಂಗೆ ಆಗ್ತದೆ.’ ಈ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ಕೆರೆಯ ಮೀನು ಬೆಳೆ. ಬೆಳೆದವನನ್ನು ಕೇಳಿ ಒಂದು ಹಿಡಿ ಕಿತ್ತರೆ ಹಳ್ಳಿಯಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಕೇಳುವುದು ಹೇಗೆ? ತಾಲ್ಲೂಕು ಕೇಂದ್ರದಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ ಇರುತ್ತದೆ. ಯಾವ ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಅಲ್ಲಿ ಹೇಳುತ್ತಾರೆ. ಶನಿವಾರ ಹೊರಡುವವರು ಗುರುವಾರವೇ ವಿಚಾರಿಸಿಟ್ಟುಕೊಳ್ಳಬೇಕು, ರಜೆಯಲ್ಲಿ ಬಂದು ಕಚೇರಿ ಬಾಗಿಲು ನೋಡಿದರೆ ಪ್ರಯೋಜನವಿಲ್ಲ. ಅದಾಗದಿದ್ದರೆ ಕೆರೆ ಇರುವ ಊರಿನ ಚಹಾ ಅಂಗಡಿಯಲ್ಲಿ ಕೇಳಿ. ಗುತ್ತಿಗೆದಾರರು ಯಾರು, ಈಗ ಎಲ್ಲಿದ್ದಾರೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅವರು ದುಡ್ಡು ಕೇಳಿದರೆ ಕೊಡಿ, ಚೌಕಾಸಿ ಬೇಡ.

ಮಳೆಗಾಲದಲ್ಲಿ ಗಾಳ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆಗ ಹೊಳೆಯಲ್ಲಿ, ಜಲಾಶಯದ ಬಾಯಲ್ಲಿ ಮೀನು ಮೊಟ್ಟೆ ಇಡಲು ಮೇಲಕ್ಕೆ ಏರುತ್ತಿರುತ್ತದೆ. ಕೊರವ ಮೀನಿನ ವಿಷಯ ಕೇಳಿ. ಅದು ನೀರಿನ ಮೇಲಕ್ಕೆ ಬಂದು ಗಾಳಿ ಕುಡಿಯುವ ಮೀನು, ಕೆಸರಲ್ಲೂ ಬದುಕುತ್ತದೆ, ಆಡಿಸಲು ಬಲು ಗಟ್ಟಿ. ಮಳೆಗಾಲದಲ್ಲಿ ಜೋಡಿ ಮೀನುಗಳು ಜೊಂಡಿನ ನಡುವೆ ಗೂಡು ಮಾಡಿ, ಕೆಂಪನೆಯ ಪುಟ್ಟ ಮರಿಗಳ ಹಿಂಡನ್ನು ವಾರಗಟ್ಟಲೆ ಕಾಯುತ್ತವೆ. ಹಿಂಡಿನ ಕೆಳಗೆ ತಾಯಿತಂದೆ ಇರುವುದು ಗೊತ್ತಿದ್ದೇ ಕೆಲವರು ಅಲ್ಲಿಗೆ ಗಾಳ ಬಿಡುತ್ತಾರೆ. ದೊಡ್ಡ ಮೀನು ಕೈಗೆ ಬರುತ್ತದೆ, ಮರಿಗಳೆಲ್ಲ ಬೇರೆ ಮೀನಿಗೆ ಆಹಾರವಾಗುತ್ತವೆ. ಇದನ್ನು ನಾನು ಬೇಟೆ ಎಂದು ಕರೆಯಲಾರೆ. ಸಿಡಿಮದ್ದು ಹಾಕುವುದು, ವಿಷ ಬೆರೆಸುವುದಂತೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಸುಮ್ಮನಿರದೆ ಪೊಲೀಸರಿಗೆ ತಿಳಿಸಿ.

ಇನ್ನು ಕೆಲವರು ಭೀಮೇಶ್ವರಿ, ಗಾಳಿಬೋರೆಯ ಹೆಸರೆತ್ತಿ, ಹಾಗೆ ದೊಡ್ಡ ಮಹಶೀರ್ ಸಿಗುವ ಜಾಗ ನಿಮ್ಮ ಕಡೆ ಇದೆಯೇ ಎಂದು ಕೇಳುತ್ತಾರೆ. ಇಲ್ಲ. ಆ ಮೀನು ಬೇರೆ, ಆ ಹೊಳೆ ಬೇರೆ. ಕಾವೇರಿಯ ಆ ಶಿಬಿರಗಳಿಗೆ ಒಂದು ಕಾಲದಲ್ಲಿ ಹೊರದೇಶಗಳಿಂದಲೂ ಗಾಳಗಾರರು ಬರುತ್ತಿದ್ದರು, ಹಿಡಿದು ತೂಗಿ ಮತ್ತೆ ನೀರಿಗೆ ಬಿಡುತ್ತಿದ್ದರು. ಆ ದಂಡೆಗಳು ವನ್ಯಧಾಮದೊಳಗಿವೆ ಎಂಬ ಕಾರಣಕ್ಕೆ ಮುಂದೆ ಅದೂ ನಿಂತಿತು. ಕಾವೇರಿಯ ಡುಬ್ಬದ ಮಹಶೀರ್ ಅನ್ನು 2018ರಲ್ಲಿ ಅಳಿವಿನ ಅತ್ಯಂತ ಹತ್ತಿರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ರಾಮಗಿರಿ ಸೀಮೆಯ ಖುಷಿ ಬೇರೆ ಬಗೆಯದು. ಇಲ್ಲಿ ಅಡಿಕೆ ಮರದ ನೆರಳಲ್ಲಿ, ಎದುರಿಗೆ ಬಂಡೆಗುಡ್ಡ, ನೀರಿನ ಮೇಲೆ ಬೆಂಡು, ಪಕ್ಕದಲ್ಲಿ ಮಗು. ಅಷ್ಟಕ್ಕೆ ತೃಪ್ತರಾಗುವವರು ಬರಬೇಕು.

ಅಂಥವರಿಗೆ ದುಬಾರಿ ಸಲಕರಣೆ ಬೇಡ. ಉದ್ದನೆಯ ಬಿದಿರು ಗಳು, ತೆಳು ನೈಲಾನ್ ದಾರ, ಸಣ್ಣ ಗಾಳ, ಬೆಂಡು, ಒಂದು ಚೂರು ಸೀಸ. ಸಂತೆಯಲ್ಲಿ ಸಿಗುತ್ತದೆ. ಮೀನಿನ ಬಾಯಿ ನೋಡಿದರೆ ಎರೆ ಎಲ್ಲಿಗೆ ಬಿಡಬೇಕೆಂದು ತಿಳಿಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕುತ್ತದೆ. ಗೆಂಡೆಗಳಿಗೆ ಕಡಲೆಹಿಂಡಿ ಬೆರೆಸಿದ ಹಿಟ್ಟಿನ ಉಂಡೆ, ಉಳಿದವಕ್ಕೆ ತೋಟದ ತೇವದಲ್ಲಿ ಸಿಗುವ ಎರೆಹುಳು ಸಾಕು. ಮಕ್ಕಳಿಗೆ ಮಾತ್ರ ನಾನು ಜಿಲೇಬಿ ಮೀನನ್ನೇ ಹೇಳುವುದು. ಆಫ್ರಿಕಾ ಮೂಲದ ಈ ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. ನಿಂತ ನೀರಿನಲ್ಲೇ, ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಸಾಕಿ, ಕೆರೆ ತುಂಬ ಹಬ್ಬಿಬಿಡುತ್ತದೆ. ಬಿತ್ತಿದ ಮೀನಿನ ಮೇವಿಗೆ ಪಾಲು ಬರುತ್ತದೆಂದು ಗುತ್ತಿಗೆದಾರರಿಗೆ ಇದರ ಮೇಲೆ ಅಷ್ಟೇನೂ ಅಕ್ಕರೆಯಿಲ್ಲ. ದಡದ ಹತ್ತಿರವೇ ಇರುತ್ತದೆ, ಎರೆಗೆ ಬೇಗ ಬಾಯಿ ಹಾಕುತ್ತದೆ, ಹುರಿದರೆ ರುಚಿ. ‘ಅಣ್ಣಾರೇ, ಮಕ್ಳು ಜಿಲೇಬಿ ಹಿಡಿಬೋದಾ?’ ಎಂದು ಕೇಳಿ ನೋಡಿ. ಬೇಡ ಅಂದವರನ್ನು ನಾನು ಕಂಡಿಲ್ಲ.

ಎಚ್ಚರಿಕೆಯ ಮಾತು ಹೇಳಲೇಬೇಕು. ಕೆರೆಯ ತೂಬಿನ ಹತ್ತಿರ, ಕೋಡಿಯ ಹರಿವಿನಲ್ಲಿ, ಜಲಾಶಯದ ಕಟ್ಟೆಯ ಮೇಲೆ ಗಾಳ ಹಾಕಬೇಡಿ. ಕೋಡಿ ಬಿದ್ದಾಗ ಹರಿವಿಗೆದುರು ಜಿಗಿಯುವ ಮೀನಿನ ಆಸೆಗೆ ಪಾಚಿಬಂಡೆಯ ಮೇಲೆ ಇಳಿದು ಜಾರಿದವರು ಪ್ರತಿ ಮಳೆಗಾಲದಲ್ಲೂ ಇರುತ್ತಾರೆ. ವೇದಾವತಿಯ ಪಾತ್ರ ನೋಡಲು ತಟ್ಟೆಯಷ್ಟು ಸಮ, ಆದರೆ ಮರಳು ತೆಗೆದ ಗುಂಡಿಗಳು ಎಲ್ಲಿವೆಯೆಂದು ಊರಿನವರಿಗೆ ಮಾತ್ರ ಗೊತ್ತು. ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗಿಸುತ್ತದೆ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಹರಿಗೋಲು ಹತ್ತುವುದಾದರೆ ಜೀವರಕ್ಷಕ ಅಂಗಿ ಇಲ್ಲದೆ ಬೇಡ. ಗಳು ಎತ್ತುವ ಮುನ್ನ ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ, ತೋಟಗಳ ಪಂಪ್‌ಸೆಟ್ಟಿಗೆ ಎಳೆದ ತಂತಿಗಳು ಕೆರೆಯಂಗಳದಲ್ಲಿ ತಗ್ಗಾಗಿ ಜೋತಾಡುತ್ತಿರುತ್ತವೆ. ಕಡಿದ ನೈಲಾನ್ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಿ. ಬಿಟ್ಟುಹೋದ ದಾರಕ್ಕೆ ನೀರುಕಾಗೆ, ಕೊಕ್ಕರೆ ಕಾಲು ಸಿಕ್ಕಿಸಿಕೊಂಡು ಸಾಯುತ್ತವೆ.

ಈಗ ದಾರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಸುತ್ತಿ ಮತ್ತೆ ಹಿರಿಯೂರಿಗೆ ಬಂದರೆ 200 ಕಿಲೋಮೀಟರಿನೊಳಗೆ ಮುಗಿಯುತ್ತದೆ. ಎರಡು ದಿನಕ್ಕೆ ಇದು ಕಡಿಮೆಯೆಂದು ಕೆಲವರು ಹಂಪಿಯನ್ನೋ ಜೋಗವನ್ನೋ ಸೇರಿಸುತ್ತಾರೆ. ಸೇರಿಸಿದರೆ ಗಾಳ ಹಾಕುವ ಮಾತು ಬಿಟ್ಟುಬಿಡಿ. ಬೆಂಡು ನೋಡುತ್ತ ಕೂರಲು ಸಮಯ ಉಳಿಯಬೇಕು, ಅದಕ್ಕೇ ದಾರಿ ಚಿಕ್ಕದಿರಬೇಕು.

ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ತುಮಕೂರು, ಶಿರಾ ದಾಟಿದರೆ ಹಿರಿಯೂರಿನಲ್ಲಿ ತಿಂಡಿ. ಹೆದ್ದಾರಿ ಬಿಟ್ಟು ಸುಮಾರು 20 ಕಿಲೋಮೀಟರ್ ಒಳಗೆ ಹೋದರೆ ವಾಣಿವಿಲಾಸಪುರ. ಕಟ್ಟೆಯ ಮೇಲೆ ಮಂಟಪಗಳಿವೆ, ಒಂದು ಕಡೆ ಆಳದ ನೀರು, ಇನ್ನೊಂದು ಕಡೆ ಕಾಲುವೆ ನೀರುಂಡು ಬೆಳೆದ ತೆಂಗು. ಮೀನುಗಾರರು ಬೆಳಗ್ಗೆ ಬಲೆ ಎತ್ತಿ ದಡಕ್ಕೆ ಬರುವ ಹೊತ್ತಿಗೆ ಅಲ್ಲಿದ್ದರೆ ಜಲಾಶಯದ ಮೀನು ಎಷ್ಟು ಬಗೆ, ಎಷ್ಟು ಗಾತ್ರ ಎಂದು ಮಕ್ಕಳಿಗೆ ಪಾಠವೇ ಆಗುತ್ತದೆ. ಮಧ್ಯಾಹ್ನ ಹೊಸದುರ್ಗದ ಕಡೆ ತಿರುಗಿ. ದಾರಿಯುದ್ದಕ್ಕೂ ತೆಂಗು, ದಾಳಿಂಬೆ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ. ವೇದಾವತಿ ದಂಡೆಯ ಕೆಲ್ಲೋಡು ಆಂಜನೇಯನ ಸನ್ನಿಧಿ ಊರಿಗೆ ಸಮೀಪ. ಹಾಲುರಾಮೇಶ್ವರದಲ್ಲಿ ಹರಕೆ ಹೊತ್ತವರು ಗಂಗೆಯ ಕೊಳದ ಮುಂದೆ ಕಾಯುತ್ತ ಕೂರುವುದನ್ನು ನೋಡಬಹುದು. ದೇವರ ಕೊಳ, ಕಲ್ಯಾಣಿಗಳಲ್ಲಿ ಗಾಳದ ಮಾತೇ ಎತ್ತಬಾರದು.

ಹೊಸದುರ್ಗಕ್ಕೆ ಬಂದು ಸಾಣೇಹಳ್ಳಿ ಬಿಟ್ಟು ಹೋಗಬೇಡಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಒಂದು ಹಳ್ಳಿಯಲ್ಲಿ ಕಟ್ಟಿದ ರಂಗಭೂಮಿ ಅದು. ಅಲ್ಲಿಯ ಶಿವಸಂಚಾರ ತಂಡ 1997ರಿಂದ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಹಳ್ಳಿಯ ಜನ ಕಂಬಳಿ ಹೊದ್ದು ಕೂತು ನಾಟಕ ನೋಡುವ ನವೆಂಬರ್ ಆರಂಭದ ಉತ್ಸವಕ್ಕೆ ನಿಮ್ಮ ಪ್ರವಾಸ ಹೊಂದಿಸಿಕೊಂಡರೆ ಹಗಲು ಕೆರೆ, ರಾತ್ರಿ ನಾಟಕ. ಇದಕ್ಕಿಂತ ಒಳ್ಳೆಯ ಶನಿವಾರ ನನಗೆ ಗೊತ್ತಿಲ್ಲ.

ಎರಡನೇ ದಿನ ಬೆಳಗು ರಾಮಗಿರಿಗೆ. ಸೂರ್ಯ ಹುಟ್ಟುವ ಮೊದಲೇ ಕರಿಸಿದ್ದೇಶ್ವರ ಸ್ವಾಮಿಯ ಬೆಟ್ಟ ಹತ್ತಬೇಕು. ಮೇಲಿನಿಂದ ನೋಡಿದಾಗ ಈ ಸೀಮೆಯ ನೀರಿನ ವ್ಯವಸ್ಥೆ ಅರ್ಥವಾಗುತ್ತದೆ. ಗುಡ್ಡದ ಬುಡದಲ್ಲಿ ಒಂದು ಕೆರೆ, ಅದರ ಕೋಡಿ ಇಳಿಯುವ ಹಳ್ಳ, ಹಳ್ಳ ಸೇರುವ ಇನ್ನೊಂದು ಕೆರೆ, ಎರಡರ ನಡುವೆ ತೋಟ. ಬೀರೂರು–ಚಿಕ್ಕಜಾಜೂರು ಹಳಿಯ ಮೇಲೆ ರೈಲು ಬಂದರೆ ಮಕ್ಕಳು ಕೂಗುತ್ತಾರೆ. ಇಳಿದು ಬಂದು, ಮುಂಚೆಯೇ ಕೇಳಿಟ್ಟ ಕೆರೆಗೆ ಹೋಗಿ. ಬಿಸಿಲೇರುವ ಮುನ್ನ ಒಂದೆರಡು ಗಂಟೆ, ಅಷ್ಟೇ. ಮಧ್ಯಾಹ್ನದ ನೀರಿನಲ್ಲಿ ಮೀನು ಆಳಕ್ಕೆ ಇಳಿದಿರುತ್ತದೆ, ನೀವು ಊಟಕ್ಕೆ ಏಳಬಹುದು. ಮೀನುಗಾರರ ಮನೆಯಲ್ಲಿ ಮುದ್ದೆ, ಮೀನು ಸಾರು ಮಾಡಿಕೊಡುವಿರಾ ಎಂದು ಬೆಳಗ್ಗೆಯೇ ಕೇಳಿ, ಖರ್ಚು ಕೊಟ್ಟುಬಿಡಿ. ಹೋಟೆಲು ಹುಡುಕುವುದಕ್ಕಿಂತ ಇದು ಮೇಲು.

ಆಮೇಲೆ ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ನಮಸ್ಕಾರ. ಆ ದೊಡ್ಡ ವಿಗ್ರಹದ ಬೆನ್ನಿಗೆ ಇಳಿದ ಜಡೆಯನ್ನು ಹಿಂದಕ್ಕೆ ಹೋಗಿ ನೋಡುವುದು ಮರೆಯಬೇಡಿ. ಅಲ್ಲಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಿದೆ. ಸ್ವಲ್ಪ ಸುತ್ತು ಹಾಕಲು ಮನಸ್ಸಿದ್ದರೆ ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದ ದೊಡ್ಡ ಕೆರೆ ನೋಡಬಹುದು. ಆ ಕಡೆ ಅದಿರಿನ ಲಾರಿಗಳ ಓಡಾಟ ಇರುವುದರಿಂದ ಕತ್ತಲಾಗುವ ಮೊದಲೇ ದಾಟಿಬಿಡಿ.

ಚಿತ್ರದುರ್ಗದಲ್ಲಿ ಸಮಯ ಕಡಿಮೆಯಿದ್ದರೆ ನಾನು ಕೋಟೆಗಿಂತ ಚಂದ್ರವಳ್ಳಿಯನ್ನೇ ಆರಿಸುತ್ತೇನೆ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದ ನೆಲ ಅದು. ಕೆರೆ ದಂಡೆಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯಲ್ಲಿ ಕದಂಬ ಮಯೂರಶರ್ಮನ ನಾಲ್ಕನೇ ಶತಮಾನದ ಶಾಸನವಿದೆ. ಅದು ಹೇಳುವುದು ಕೆರೆ ಕಟ್ಟಿಸಿದ ಸಂಗತಿಯನ್ನು. ಕನ್ನಡನಾಡಿನ ಮೊದಲ ಅರಸುಮನೆಯೊಂದರ ಹೆಸರು ನಮಗೆ ಕೆರೆಯ ದಂಡೆಯಲ್ಲಿ ಸಿಗುತ್ತದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಕೋಟೆಗೆ ಹೋಗುವವರು ಬತೇರಿ, ಬಾಗಿಲುಗಳ ಜೊತೆಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡಗಳನ್ನು ಗಮನಿಸಿ. ಬಂಡೆಯ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುವಂತೆ ಕಟ್ಟಿದ ಜಾಣತನ ಅಲ್ಲಿದೆ. ಜೋಗಿಮಟ್ಟಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ವನ್ಯಧಾಮ, ಗಾಳ ಕಾರಿನಲ್ಲೇ ಇರಲಿ.

ಮನೆಗೆ ಮೀನು ಒಯ್ಯುವ ಆಸೆ ಇದ್ದರೆ ಗಾಳವನ್ನು ನಂಬಬೇಡಿ. ಎರಡನೇ ದಿನ ಬೆಳಗ್ಗೆ ಸಂಘದವರು ಬಲೆ ಎಳೆಯುವಾಗ ತೂಕ ಹಾಕಿಸಿ ಕೊಂಡು, ಐಸ್ ತುಂಬಿದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ನೀವು ಹಿಡಿದ ಅಂಗೈಯಗಲದ ಗೆಂಡೆ ಮರಿಗಳನ್ನು ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಡಿ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಸೋಂಕು ಹಿಡಿಯುತ್ತದೆ. ಬಿಟ್ಟರೆ ವರ್ಷದೊಳಗೆ ಅದು ಕಿಲೋ ಲೆಕ್ಕಕ್ಕೆ ಬರುತ್ತದೆ, ಬಿತ್ತಿದವನಿಗೆ ನಾಲ್ಕು ಕಾಸು ಸಿಗುತ್ತದೆ.

ದಾವಣಗೆರೆ, ಶಿವಮೊಗ್ಗ ಕಡೆಯಿಂದ ಬರೆದವರಿಗೆ ಪ್ರತ್ಯೇಕ ಮಾತು. ನೀವು ಹಿರಿಯೂರಿನವರೆಗೆ ಹೋಗಿ ಸುತ್ತಬೇಕಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನಿಮಗೆ ಮೊದಲ ನಿಲ್ದಾಣವಾಗಲಿ. ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರು ಕೊಡುವ ಕೆರೆ ಅದು. ಭದ್ರೆಯ ನಾಲೆ ನೀರು ಬರುವುದರಿಂದ ನಮ್ಮ ಕೆರೆಗಳು ಬತ್ತಿದ ವರ್ಷವೂ ಅಲ್ಲಿ ಸಾಮಾನ್ಯವಾಗಿ ನೀರಿರುತ್ತದೆ. ಅಲ್ಲಿಂದ ಹೊಳಲ್ಕೆರೆಗೆ ಬಂದು, ರಾಮಗಿರಿ ಬೆಟ್ಟ ಹತ್ತಿ, ಸಾಣೇಹಳ್ಳಿಯಲ್ಲಿ ನಾಟಕ ನೋಡಿ, ಮರುದಿನ ಅದೇ ದಾರಿಯಲ್ಲಿ ಹಿಂದಿರುಗಬಹುದು. ಈ ಸಲ ಹಸ್ತ, ಚಿತ್ತೆ ಎರಡೂ ಕೈಕೊಟ್ಟರೆ ಎಲ್ಲರಿಗೂ ನಾನು ಹೇಳುವುದು ಇದೇ ಎರಡನೇ ದಾರಿಯನ್ನು.